ಕುಮಾರ ಗಂಧರ್ವ

ಬೆಳಗಾವಿ ಜಿಲ್ಲೆಯ ಸುಳೇಭಾವಿ ಗ್ರಾಮದಲ್ಲಿ 1924ನೆಯ ಇಸವಿ ಏಪ್ರಿಲ್ 8ರಂದು ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠರು ಜನಿಸಿದರು. ಗ್ರಾಮಫೋನ್ ತಟ್ಟೆಗಳಿಂದ ಕೇಳಿದ ಹಿರಿಯ ಗಾಯಕರ ಹಾಡುಗಾರಿಕೆಯನ್ನು ಈ ಬಾಲಕನು ಯಥಾವತ್ತಾಗಿ ಹಾಡಿ ತೋರಿಸುತ್ತಿದ್ದನು. ಈ ಪ್ರತಿಭೆಗೆ ಬೆರಗಾದ ಮಠದ ಸ್ವಾಮಿಗಳೊಬ್ಬರು ಅವನನ್ನು ಕುಮಾರ ಗಂಧರ್ವನೆಂದು ಕರೆದರು. ಆ ಹೆಸರೇ ಸ್ಥಿರವಾಯಿತು. ಇನ್ನೂ ಎಳೆಯ ವಯಸ್ಸಿನಲ್ಲಿಯೇ ಅಲಹಾಬಾದಿನ ಸಂಗೀತ ಸಮ್ಮೇಳನದಲ್ಲಿ ಹಾಡಿ ವಿದ್ವಾಂಸರ ಮನ್ನಣೆಗೆ ಪಾತ್ರನಾದ ಆತನು ಅನಂತರ ಮುಂಬಯಿಯಲ್ಲಿ ಬಿ. ಆರ್. ದೇವಧರರ ಶಿಷ್ಯನಾದನು.

1947ರಲ್ಲಿ ಕುಮಾರರು ಗಾಯಕಿ ಭಾನುಮತಿಯವರನ್ನು ವಿವಾಹವಾದರು. ಕೀರ್ತಿ ದಿನದಿನಕ್ಕೆ ಏರುತ್ತಿದ್ದ ಕಾಲವದು. ಆಗಲೇ ಕ್ಷಯರೋಗವು ಅವರ ಶ್ವಾಸಕೋಶವನ್ನು ಆಕ್ರಮಿಸಿತು. ಹಾಡಕೂಡದೆಂದು ವೈದ್ಯರು ವಿಧಿಸಿದರು. ಒಣಹವೆಯನ್ನು ಅರಸಿ ಅವರು 1948ರಲ್ಲಿ ಮಾಳವ ಪ್ರಾಂತದ ದೇವಾಸ್ ಪಟ್ಟಣಕ್ಕೆ ತೆರಳಿದರು. ಅಲ್ಲಿ ಸುಮಾರು ಐದು ವರ್ಷಗಳು ಹಾಸಿಗೆಯ ಬಾಳು ಅವರದಾಯಿತು.

ದೀರ್ಘಕಾಲದ ವ್ಯಾಧಿಯು ದೇಹವನ್ನಷ್ಟೇ ಬಾಧಿಸುವುದಿಲ್ಲ. ನಾಳೆ ಏನಾದೀತೆಂಬ ಭಯ, ಓರಗೆಯವರು ಮುಂದೆ ಸಾಗುವಾಗ ತಾನೊಬ್ಬನೇ ಹಿಂದುಳಿದೆನೆಂಬ ಖೇದ, ಮನೆಯವರಿಗೆ ಭಾರವಾದೆನೆಂಬ ಸಂಕೋಚ ಇವು ನೋವನ್ನು ಇಮ್ಮಡಿಗೊಳಿಸುತ್ತವೆ. ನಿದ್ರೆ ದೂರವಾಗುತ್ತದೆ, ನಿತ್ಯದ ಸಣ್ಣ ಕೆಲಸವೂ ಬೆಟ್ಟವಾಗಿ ತೋರುತ್ತದೆ. ಬಾಲ್ಯದಿಂದಲೂ ಹಾಡೇ ತಾನೆಂದು ಬಾಳಿದವರಿಗೆ ಹಾಡು ನಿಂತುಹೋದಾಗ ಬದುಕೇ ಬರಿದೆನಿಸುವುದು ಸಹಜ.

ಕುಮಾರರಾದರೋ ತಮ್ಮ ಗಮನವನ್ನೆಲ್ಲ ರೋಗದ ಮೇಲೆಯೇ ನಿಲ್ಲಿಸಲಿಲ್ಲ. ಕಂಠವು ಮೌನವಾಗಿದ್ದರೂ ಕಿವಿಯು ಎಚ್ಚತ್ತಿತ್ತು. ಹಕ್ಕಿಗಳ ಕೂಗನ್ನೂ ಮಾಳವದ ಹೆಂಗಳೆಯರ ಜಾನಪದ ಗೀತೆಗಳನ್ನೂ ಜೋಗಿಗಳು ಹಾಡುವ ಕಬೀರರ ನಿರ್ಗುಣ ಪದಗಳನ್ನೂ ಅವರು ಮಲಗಿದಲ್ಲಿಯೇ ಆಲಿಸಿದರು. ಅವುಗಳಲ್ಲಿ ಹುದುಗಿದ್ದ ರಾಗಗಳ ಮೂಲವನ್ನು ಚಿಂತಿಸಿದರು. ಭಾನುಮತಿಯವರು ಅಹರ್ನಿಶಿ ಶುಶ್ರೂಷೆ ಮಾಡಿದರು. ಮನೋಬಲವು ಔಷಧಕ್ಕೆ ಬದಲಾಗಲಾರದು. ಆಗ ತಾನೇ ಬಳಕೆಗೆ ಬಂದಿದ್ದ ಸ್ಟ್ರೆಪ್ಟೊಮೈಸಿನ್ ಎಂಬ ಔಷಧವೇ ಅವರ ಪ್ರಾಣವನ್ನು ಉಳಿಸಿತು. ಆದರೆ ಉಳಿದ ಪ್ರಾಣಕ್ಕೆ ಒಂದು ಗುರಿಯನ್ನು ಕೊಟ್ಟುದು ಆ ಶ್ರವಣ, ಆ ಚಿಂತನೆ.

1953ರ ವೇಳೆಗೆ ಅವರು ಮತ್ತೆ ವೇದಿಕೆಯನ್ನೇರಿದರು. ಒಂದು ಶ್ವಾಸಕೋಶವು ಬಹುಮಟ್ಟಿಗೆ ನಿರುಪಯುಕ್ತವಾಗಿತ್ತು. ಹಿಂದಿನಂತೆ ದೀರ್ಘವಾಗಿ ಉಸಿರು ಹಿಡಿಯುವುದು ಸಾಧ್ಯವಿರಲಿಲ್ಲ. ಕಳೆದುಹೋದ ಶಕ್ತಿಗಾಗಿ ಕೊರಗದೆ, ಉಳಿದ ಶಕ್ತಿಯ ಮಿತಿಯನ್ನರಿತು, ಚಿಕ್ಕಚಿಕ್ಕ ಸ್ವರಗುಚ್ಛಗಳಿಂದ ಕೂಡಿದ ಹೊಸ ಗಾಯನಶೈಲಿಯನ್ನು ಅವರು ರೂಪಿಸಿಕೊಂಡರು. ಜಾನಪದ ಧಾಟಿಗಳಿಂದ ನೂತನ ರಾಗಗಳನ್ನು ಸೃಷ್ಟಿಸಿದರು. ಕಬೀರರ ಪದಗಳು ಅವರ ಕಂಠದಿಂದ ನಾಡಿನಾದ್ಯಂತ ಹರಡಿದವು. 1977ರಲ್ಲಿ ಪದ್ಮಭೂಷಣ, 1990ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಅವರಿಗೆ ಸಂದವು. 1992ರ ಜನವರಿ 12ರಂದು ದೇವಾಸಿನಲ್ಲಿಯೇ ಅವರು ದಿವಂಗತರಾದರು.

ವ್ಯಾಧಿಯು ಕುಮಾರ ಗಂಧರ್ವರ ಉಸಿರನ್ನು ಮೊಟಕುಗೊಳಿಸಿತು. ಆ ಮೊಟಕು ಉಸಿರಿನಲ್ಲಿಯೇ ಅವರು ಮತ್ತೆ ಸುಮಾರು ನಾಲ್ಕು ದಶಕಗಳ ಕಾಲ ಹಾಡಿದರು.