ವಿನ್ಸ್ ಲೊಂಬಾರ್ಡಿ

ವಿನ್ಸೆಂಟ್ ಥಾಮಸ್ ಲೊಂಬಾರ್ಡಿ (ಜೂನ್ 11, 1913 – ಸೆಪ್ಟೆಂಬರ್ 3, 1970) ಅಮೆರಿಕನ್ ಫುಟ್‌ಬಾಲ್ ಕ್ರೀಡೆಯ ಪ್ರಸಿದ್ಧ ತರಬೇತುದಾರರು. 1959ರಿಂದ 1967ರವರೆಗೆ ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಪ್ಯಾಕರ್ಸ್ ತಂಡದ ಮುಖ್ಯ ತರಬೇತುದಾರರಾಗಿದ್ದ ಇವರು ತಂಡಕ್ಕೆ ಐದು ಬಾರಿ ಎನ್‌ಎಫ್‌ಎಲ್ ಚಾಂಪಿಯನ್ ಪಟ್ಟವನ್ನೂ ಮೊದಲ ಎರಡು ಸೂಪರ್ ಬೌಲ್‌ಗಳನ್ನೂ ಗಳಿಸಿಕೊಟ್ಟರು. ಕಠಿಣ ಶಿಸ್ತಿಗೆ ಹೆಸರಾಗಿದ್ದ ಇವರು ಮೀಸಲು ಕ್ವಾರ್ಟರ್‌ಬ್ಯಾಕ್‌ಗಳನ್ನು ಪರೀಕ್ಷಿಸಿ ಬೆಳೆಸಿದ ರೀತಿಯೂ ಆ ಯಶಸ್ಸಿಗೆ ಮುಖ್ಯ ಕಾರಣವಾಗಿತ್ತು.

ಆರಂಭಿಕ ಜೀವನ

ಲೊಂಬಾರ್ಡಿ ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ ಇಟಲಿ ಮೂಲದ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಮಾಂಸದ ವ್ಯಾಪಾರಿಯಾಗಿದ್ದರು. ಫೋರ್ಡಂ ವಿಶ್ವವಿದ್ಯಾಲಯದಲ್ಲಿ ಓದುವಾಗ ಅಲ್ಲಿನ ತಂಡದ ಹೆಸರಾಂತ ಮುಂಚೂಣಿ ಸಾಲಿನಲ್ಲಿ ಆಡಿದರು. 1939ರಲ್ಲಿ ನ್ಯೂಜೆರ್ಸಿಯ ಸೇಂಟ್ ಸಿಸಿಲಿಯಾ ಪ್ರೌಢಶಾಲೆಗೆ ಸೇರಿ ಲ್ಯಾಟಿನ್, ರಸಾಯನಶಾಸ್ತ್ರ ಮತ್ತು ಭೌತಶಾಸ್ತ್ರವನ್ನು ಬೋಧಿಸುತ್ತ ಫುಟ್‌ಬಾಲ್ ತರಬೇತಿಯನ್ನೂ ನೀಡಿದರು. 1940ರಲ್ಲಿ ಮೇರಿ ಪ್ಲಾನಿಟ್ಜ್ ಅವರನ್ನು ವಿವಾಹವಾದರು. ಒಂದೇ ಪಾಠವನ್ನು ತರಗತಿಯ ಕೊನೆಯ ವಿದ್ಯಾರ್ಥಿಗೂ ಅರ್ಥವಾಗುವವರೆಗೆ ಹೇಳಿಕೊಡುವ ಶಿಕ್ಷಕನ ಅಭ್ಯಾಸ ಅವರನ್ನು ಕಡೆಯವರೆಗೂ ಬಿಡಲಿಲ್ಲ. ಮುಂದೆ ಫೋರ್ಡಂನಲ್ಲಿಯೂ, 1949ರಿಂದ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಲ್ಲಿ ರೆಡ್ ಬ್ಲೇಕ್ ಅವರ ಕೈಕೆಳಗೂ ಸಹಾಯಕ ತರಬೇತುದಾರರಾಗಿದ್ದರು.

ನ್ಯೂಯಾರ್ಕ್ ಜೈಂಟ್ಸ್

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಆಕ್ರಮಣದ ಸೂತ್ರವನ್ನು ಹಿಡಿಯುವವನು ಕ್ವಾರ್ಟರ್‌ಬ್ಯಾಕ್. ಚೆಂಡನ್ನು ಎಸೆಯಬೇಕೇ, ಓಡುಗನ ಕೈಗೆ ಕೊಡಬೇಕೇ ಎಂಬುದನ್ನು ಆ ಕಾಲದಲ್ಲಿ ಬಹುಮಟ್ಟಿಗೆ ಅವನೇ ಮೈದಾನದಲ್ಲಿ ತೀರ್ಮಾನಿಸುತ್ತಿದ್ದನು. ಆ ಸ್ಥಾನದಲ್ಲಿ ಒಂದು ವೇಳೆಗೆ ಒಬ್ಬನೇ ಆಡುವುದರಿಂದ ಎರಡನೆಯವನ ಪಾಡು ಕ್ರಿಕೆಟ್ ತಂಡದ ಎರಡನೆಯ ವಿಕೆಟ್ ಕೀಪರನ ಪಾಡಿನಂತೆ. ವರ್ಷವಿಡೀ ಅಂಚಿನಲ್ಲಿ ಕುಳಿತಿದ್ದು, ಕರೆ ಬಂದ ಕ್ಷಣದಲ್ಲಿ ಎಲ್ಲವನ್ನೂ ಬಲ್ಲವನಾಗಿರಬೇಕು.

1954ರಲ್ಲಿ ಲೊಂಬಾರ್ಡಿ ಜೈಂಟ್ಸ್ ತಂಡದ ಆಕ್ರಮಣ ವಿಭಾಗದ ಹೊಣೆ ಹೊತ್ತರು. ಅಲ್ಲಿ ಅನೇಕ ಪಂದ್ಯಗಳನ್ನು ಡಾನ್ ಹೈನ್ರಿಚ್ ಆರಂಭಿಸಿ ಎದುರಾಳಿಯ ರಕ್ಷಣಾ ವ್ಯೂಹವನ್ನು ಕೆದಕಿ ನೋಡುತ್ತಿದ್ದರು. ಹಿರಿಯ ಕ್ವಾರ್ಟರ್‌ಬ್ಯಾಕ್ ಚಾರ್ಲಿ ಕಾನರ್ಲಿ ಅಂಚಿನಲ್ಲಿ ನಿಂತು ಅದನ್ನು ಗಮನಿಸಿ ಆಮೇಲೆ ಮೈದಾನಕ್ಕಿಳಿಯುತ್ತಿದ್ದರು. ಈ ವಿಚಿತ್ರ ಏರ್ಪಾಡಿನ ನಡುವೆಯೇ ತಂಡ 1956ರಲ್ಲಿ ಚಾಂಪಿಯನ್ ಆಯಿತು.

ಬಾರ್ಟ್ ಸ್ಟಾರ್ ಅವರ ಆಯ್ಕೆ

1958ರಲ್ಲಿ ಪ್ಯಾಕರ್ಸ್ ತಂಡ ಹನ್ನೆರಡು ಪಂದ್ಯಗಳಲ್ಲಿ ಗೆದ್ದದ್ದು ಒಂದನ್ನು ಮಾತ್ರ. ಮರುವರ್ಷ ಮುಖ್ಯ ತರಬೇತುದಾರರಾಗಿಯೂ ಪ್ರಧಾನ ವ್ಯವಸ್ಥಾಪಕರಾಗಿಯೂ ಬಂದ ಲೊಂಬಾರ್ಡಿ ಹಳೆಯ ಪಂದ್ಯಗಳ ಚಿತ್ರಸುರುಳಿಗಳನ್ನು ಮತ್ತೆ ಮತ್ತೆ ನೋಡಿ ಪ್ರತಿಯೊಬ್ಬ ಆಟಗಾರನನ್ನೂ ತೂಗಿದರು. 1956ರ ಕಾಲೇಜು ಆಟಗಾರರ ಆಯ್ಕೆಯಲ್ಲಿ ಹದಿನೇಳನೆಯ ಸುತ್ತಿನಲ್ಲಿ, ಒಟ್ಟು 200ನೆಯವರಾಗಿ ಬಂದಿದ್ದ ಅಲಬಾಮದ ಬಾರ್ಟ್ ಸ್ಟಾರ್ ಅವರ ಕಣ್ಣಿಗೆ ತೀರ ಸೌಮ್ಯರಾಗಿ, ಆತ್ಮವಿಶ್ವಾಸ ಸಾಲದವರಾಗಿ ಕಂಡರು. ಆದ್ದರಿಂದ ಷಿಕಾಗೊ ಕಾರ್ಡಿನಲ್ಸ್ ತಂಡದಿಂದ ಲಮಾರ್ ಮೆಕ್‌ಹಾನ್ ಅವರನ್ನು ತರಿಸಿ ಮೊದಲ ಸ್ಥಾನ ನೀಡಿದರು.

ಮೊದಲ ಮೂರು ಪಂದ್ಯಗಳನ್ನು ಗೆದ್ದ ತಂಡ ಮುಂದಿನ ಐದನ್ನು ಸೋತಿತು. ಅಷ್ಟರಲ್ಲಿ ಮೆಕ್‌ಹಾನ್ ಗಾಯಗೊಂಡಿದ್ದರಿಂದ ಸ್ಟಾರ್‌ಗೆ ಅವಕಾಶ ಸಿಕ್ಕಿತು. ಋತುವಿನ ಕೊನೆಯ ನಾಲ್ಕು ಪಂದ್ಯಗಳಲ್ಲಿ ತಂಡ ಗೆದ್ದಿತು. ಆದರೂ ಲೊಂಬಾರ್ಡಿಯವರಿಗೆ ನಂಬಿಕೆ ಕುದುರಲಿಲ್ಲ. 1960ರ ಮೊದಲ ಪಂದ್ಯದಲ್ಲಿ ಸ್ಟಾರ್ ಸೋತೊಡನೆ ಮೆಕ್‌ಹಾನ್ ಮತ್ತೆ ಮುಂದೆ ಬಂದರು. ಅಕ್ಟೋಬರ್ 30ರಂದು ಪಿಟ್ಸ್‌ಬರ್ಗ್‌ನಲ್ಲಿ ಪಂದ್ಯದ ನಡುವೆಯೇ ಮೆಕ್‌ಹಾನ್ ಅವರನ್ನು ಹೊರಗೆ ಕರೆದು ಸ್ಟಾರ್ ಅವರನ್ನು ಕಳುಹಿಸಿದಾಗ ತಂಡ 19–13ರಿಂದ ಗೆದ್ದಿತು. ಇದರಿಂದ ಕೆರಳಿದ ಮೆಕ್‌ಹಾನ್ ಲೊಂಬಾರ್ಡಿಯವರ ಎದುರೇ ಸಿಟ್ಟನ್ನು ಹೊರಹಾಕಿದರು. ಮುಂದಿನ ಋತುವಿಗೆ ಮೊದಲೇ ಅವರು ಬಾಲ್ಟಿಮೋರ್ ತಂಡಕ್ಕೆ ಹೋಗಬೇಕಾಯಿತು. ಒಂದೂವರೆ ವರ್ಷದ ಈ ಅಡ್ಡಾಟ ಇಬ್ಬರು ಆಟಗಾರರಿಗೂ ನಿರ್ದಯವಾಗಿತ್ತೆನ್ನಬೇಕು.

ಅಭ್ಯಾಸದಲ್ಲಿ ಎಲ್ಲರೆದುರು ಬೈಸಿಕೊಂಡ ಸ್ಟಾರ್ ಒಮ್ಮೆ ಕಚೇರಿಗೆ ಹೋಗಿ, ತಂಡವನ್ನು ನಡೆಸಬೇಕಾದವನನ್ನು ತಂಡದ ಮುಂದೆ ಹಳಿಯಬಾರದೆಂದೂ ತಪ್ಪುಗಳನ್ನು ಏಕಾಂತದಲ್ಲಿ ತಿಳಿಸಬೇಕೆಂದೂ ಕೋರಿದರು. ಲೊಂಬಾರ್ಡಿ ಒಪ್ಪಿದರು. ಇತರರ ಮೇಲೆ ಎಂದಿನಂತೆ ಗುಡುಗುತ್ತಿದ್ದರೂ ಸ್ಟಾರ್ ವಿಷಯದಲ್ಲಿ ಆ ಮಾತನ್ನು ಉಳಿಸಿಕೊಂಡರು.

ರೋಚ್ ಮತ್ತು ಬ್ರಾಟ್‌ಕೋವ್‌ಸ್ಕಿ

1961 ಮತ್ತು 1962ರಲ್ಲಿ ಪ್ಯಾಕರ್ಸ್ ಚಾಂಪಿಯನ್ ಆಯಿತು. 1963ರ ಅಕ್ಟೋಬರ್‌ನಲ್ಲಿ ಸ್ಟಾರ್ ಅವರ ಕೈಮೂಳೆ ಮುರಿದಾಗ, ಎರಡು ವರ್ಷ ಹೆಚ್ಚಾಗಿ ಅಂಚಿನಲ್ಲಿಯೇ ಇದ್ದ ಜಾನ್ ರೋಚ್ ನಾಲ್ಕು ಪಂದ್ಯಗಳನ್ನು ಆರಂಭಿಸಿ ಮೂರನ್ನು ಗೆಲ್ಲಿಸಿದರು. ಸೋತ ಒಂದು ಪಂದ್ಯ ಷಿಕಾಗೊ ಬೇರ್ಸ್ ಎದುರಿನದು. ಆ ವರ್ಷ 11 ಗೆಲುವು, 1 ಸೋಲು, 2 ಸಮಬಲದ ಬೇರ್ಸ್, 11 ಗೆಲುವು, 2 ಸೋಲು, 1 ಸಮಬಲದ ಪ್ಯಾಕರ್ಸ್ ತಂಡವನ್ನು ಹಿಂದಿಕ್ಕಿತು.

ಅದೇ ಋತುವಿನ ನಡುವೆ ಲಾಸ್ ಏಂಜಲೀಸ್ ರಾಮ್ಸ್ ತಂಡದಿಂದ ಜೀಕ್ ಬ್ರಾಟ್‌ಕೋವ್‌ಸ್ಕಿ ಗ್ರೀನ್ ಬೇಗೆ ಬಂದರು. ಬೇರೆಡೆ ಹೆಚ್ಚಿನ ಯಶಸ್ಸು ಕಾಣದಿದ್ದ, ಆದರೆ ಅನುಭವವಿದ್ದ ಆಟಗಾರ. ಸ್ಟಾರ್‌ಗೆ ಅವರು ಪ್ರತಿಸ್ಪರ್ಧಿಯಾಗದೆ ಆಪ್ತ ಸ್ನೇಹಿತರಾದರು.

1965ರ ಡಿಸೆಂಬರ್ 26ರಂದು ಬಾಲ್ಟಿಮೋರ್ ಕೋಲ್ಟ್ಸ್ ವಿರುದ್ಧದ ನಿರ್ಣಾಯಕ ಪಂದ್ಯದಲ್ಲಿ, ಪ್ಯಾಕರ್ಸ್ ಆಕ್ರಮಣದ ಮೊದಲ ಆಟದಲ್ಲೇ ಕೈತಪ್ಪಿದ ಚೆಂಡಿನೊಡನೆ ಓಡುತ್ತಿದ್ದವನನ್ನು ತಡೆಯಹೋಗಿ ಸ್ಟಾರ್ ಪಕ್ಕೆಲುಬಿಗೆ ಪೆಟ್ಟು ಮಾಡಿಕೊಂಡರು. ಎದುರಾಳಿಗಳ ಸ್ಥಿತಿ ಇನ್ನೂ ಕಷ್ಟದ್ದು. ಜಾನಿ ಯೂನಿಟಾಸ್ ಮತ್ತು ಅವರ ಬದಲಿ ಗ್ಯಾರಿ ಕ್ವೊಝೊ ಇಬ್ಬರೂ ಗಾಯಾಳುಗಳಾಗಿದ್ದರಿಂದ ಓಡುಗ ಟಾಮ್ ಮ್ಯಾಟಿ ಮಣಿಕಟ್ಟಿನ ಪಟ್ಟಿಯಲ್ಲಿ ತಂತ್ರಗಳನ್ನು ಬರೆದುಕೊಂಡು ಕ್ವಾರ್ಟರ್‌ಬ್ಯಾಕ್ ಆಗಿದ್ದರು. ಉಳಿದ ಪಂದ್ಯವನ್ನೆಲ್ಲ ಬ್ರಾಟ್‌ಕೋವ್‌ಸ್ಕಿ ನಡೆಸಿದರು. ಹೆಚ್ಚುವರಿ ಸಮಯದಲ್ಲಿ ಡಾನ್ ಚಾಂಡ್ಲರ್ ಒದ್ದ ಚೆಂಡಿನಿಂದ ಪ್ಯಾಕರ್ಸ್ 13–10ರಿಂದ ಗೆದ್ದಿತು. ಒಂದು ವಾರದ ಬಳಿಕ ಸ್ಟಾರ್ ಮರಳಿ, ಕ್ಲೀವ್‌ಲ್ಯಾಂಡ್ ತಂಡವನ್ನು 23–12ರಿಂದ ಸೋಲಿಸಿ ಪಟ್ಟ ಗೆದ್ದರು. 1966ರ ಡಿಸೆಂಬರ್‌ನಲ್ಲಿ ಬಾಲ್ಟಿಮೋರ್‌ನಲ್ಲಿಯೂ ಬ್ರಾಟ್‌ಕೋವ್‌ಸ್ಕಿ ಸ್ಟಾರ್ ಬದಲಿಗೆ ಇಳಿದು 14–10ರಿಂದ ಗೆಲ್ಲಿಸಿ ವಿಭಾಗದ ಪ್ರಶಸ್ತಿಯನ್ನು ಖಚಿತಪಡಿಸಿದರು.

ಸ್ಟಾರ್ ಅವರ ಉತ್ತರಾಧಿಕಾರಿಯನ್ನು ರೂಪಿಸುವಲ್ಲಿ ಮಾತ್ರ ಲೊಂಬಾರ್ಡಿ ಯಶಸ್ವಿಯಾಗಲಿಲ್ಲ. 1967ರಲ್ಲಿ ಮೊದಲ ಸುತ್ತಿನಲ್ಲೇ ಆರಿಸಿದ ಡಾನ್ ಹಾರ್ನ್ ಆ ಸ್ಥಾನದಲ್ಲಿ ನೆಲೆಯೂರದೆ 1971ರಲ್ಲಿ ಡೆನ್ವರ್ ತಂಡಕ್ಕೆ ಹೋದರು. ಗ್ರೀನ್ ಬೇ ಮತ್ತೆ ಚಾಂಪಿಯನ್ ಆದದ್ದು 1996ರ ಋತುವಿನಲ್ಲಿ.

ಕೊನೆಯ ವರ್ಷಗಳು

1968ರ ಜನವರಿಯಲ್ಲಿ ಎರಡನೆಯ ಸೂಪರ್ ಬೌಲ್ ಗೆದ್ದ ಬಳಿಕ ಲೊಂಬಾರ್ಡಿ ತರಬೇತಿಯಿಂದ ನಿವೃತ್ತರಾಗಿ ವ್ಯವಸ್ಥಾಪಕರಾಗಿ ಮಾತ್ರ ಉಳಿದರು. 1969ರಲ್ಲಿ ವಾಷಿಂಗ್ಟನ್ ತಂಡದ ತರಬೇತುದಾರರಾಗಿ ಮರಳಿ, 1955ರ ನಂತರ ಮೊದಲ ಬಾರಿಗೆ ಆ ತಂಡ ಸೋಲಿಗಿಂತ ಹೆಚ್ಚು ಗೆಲುವು ಕಾಣುವಂತೆ ಮಾಡಿದರು. ಮರುವರ್ಷ ಕರುಳಿನ ಕ್ಯಾನ್ಸರಿನಿಂದ ವಾಷಿಂಗ್ಟನ್‌ನಲ್ಲಿ ತಮ್ಮ 57ನೆಯ ವಯಸ್ಸಿನಲ್ಲಿ ನಿಧನರಾದರು. ಸೂಪರ್ ಬೌಲ್ ವಿಜೇತರಿಗೆ ನೀಡುವ ಟ್ರೋಫಿಗೆ ಅವರ ಹೆಸರನ್ನು ಇಡಲಾಗಿದೆ.