ಮಾಯಾಜಾಲದೊಳಗಿನ ಮನುಷ್ಯರು: ಬಿ. ವಿಠಲಾಚಾರ್ಯ

ದೊಮ್ಮಲೂರು, ಇಂದಿರಾನಗರದ ಕಡೆ ಆನಿಮೇಷನ್, ಗ್ರಾಫಿಕ್ಸ್ ಕಲಿಯಲು ಹೊರಟ ನಮ್ಮ ಮಕ್ಕಳು ಬಾಹ್ಯಾಕಾಶ ನೌಕೆಯನ್ನು ಕಂಪ್ಯೂಟರಿನಲ್ಲೇ ಹಾರಿಸಬಲ್ಲರು. ಆದರೆ ಆ ನೌಕೆಯಲ್ಲಿ ಕುಳಿತವನಿಗಾಗಿ ಪ್ರೇಕ್ಷಕನ ಎದೆ ಡವಗುಟ್ಟುವಂತೆ ಮಾಡುವುದು ಬೇರೆಯೇ ವಿದ್ಯೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಈ ಎರಡನ್ನೂ ಒಟ್ಟಿಗೆ ಸಾಧಿಸಲು ಹೆಣಗಿದ ಕನ್ನಡಿಗರೊಬ್ಬರಿದ್ದರು.

ವಿಠಲಾಚಾರ್ಯರು 1920ರಲ್ಲಿ ಉಡುಪಿ ಬಳಿಯ ಉದ್ಯಾವರದಲ್ಲಿ ಜನಿಸಿದರು. ತಂದೆ ಆಯುರ್ವೇದ ವೈದ್ಯರು. ಮಗನ ಶಾಲೆ ಮೂರನೇ ತರಗತಿಗೇ ಮುಗಿಯಿತು. ಚಿಕ್ಕಂದಿನಲ್ಲೇ ಮನೆ ಬಿಟ್ಟು ಅರಸೀಕೆರೆ ಸೇರಿ, ಮುಂದೆ ಅಲ್ಲಿಯೇ ಹೋಟೆಲ್ ನಡೆಸಿದರು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಪಾಲ್ಗೊಂಡು ಹಾಸನದ ಜೈಲು ಕಂಡರು. ಹೊರಬಂದ ಮೇಲೆ ಹೋಟೆಲನ್ನು ತಮ್ಮನಿಗೆ ಒಪ್ಪಿಸಿ, ಗೆಳೆಯರೊಡನೆ ಟೂರಿಂಗ್ ಟಾಕೀಸ್ ಕೊಂಡು ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಸಿನಿಮಾ ತೋರಿಸತೊಡಗಿದರು. ಅವರ ನಿಜವಾದ ಪಾಠಶಾಲೆ ಅದೇ ಎಂದರೆ ತಪ್ಪಾಗಲಾರದು. ಜನ ಎಲ್ಲಿ ಬೆರಗಾಗುತ್ತಾರೆ, ಎಲ್ಲಿ ಬೀಡಿ ಹಚ್ಚಲು ಎದ್ದು ಹೋಗುತ್ತಾರೆ ಎಂಬುದು ಡೇರೆಯಲ್ಲಿ ನಿಂತವನಿಗೆ ಕಾಣದೆ ಇರದು.

ಮುಂದೆ ಡಿ. ಶಂಕರ್ ಸಿಂಗ್ ಅವರೊಡನೆ ಮೈಸೂರಿನ ಮಹಾತ್ಮಾ ಪಿಕ್ಚರ್ಸ್ ಕಟ್ಟಿದರು. ಈ ಸಂಸ್ಥೆಯಿಂದ ಬಂದ 'ನಾಗಕನ್ನಿಕಾ' (1949), 'ಜಗನ್ಮೋಹಿನಿ' (1951) ಕನ್ನಡಿಗರಿಗೆ ಮಾಯಾಜಾಲದ ರುಚಿ ಹತ್ತಿಸಿದವು. ಆಮೇಲೆ ಸ್ವಂತ ಸಂಸ್ಥೆ ಕಟ್ಟಿ ಮದ್ರಾಸಿಗೆ ಹೋದವರು ಮೊದಲಿಗೆ ಹೆಚ್ಚಾಗಿ ನೆಚ್ಚಿದ್ದು ಭೂತಗಳನ್ನಲ್ಲ, ಸಂಸಾರವನ್ನು. 'ಕನ್ಯಾದಾನ', 'ಮನೆ ತುಂಬಿದ ಹೆಣ್ಣು', 'ಮನೆಗೆ ಬಂದ ಮಹಾಲಕ್ಷ್ಮಿ' ಇವೆಲ್ಲ ಕೌಟುಂಬಿಕ ಚಿತ್ರಗಳು. ವಿಠಲಾಚಾರ್ಯರೆಂದರೆ ಬರೀ ದೆವ್ವ ಎನ್ನುವವರು ಇದನ್ನು ಮರೆಯುತ್ತಾರೆ. 1963ರಲ್ಲಿ ಒಂದೇ ಕಥೆಯನ್ನು ರಾಜ್‌ಕುಮಾರ್ ಅವರೊಡನೆ ಕನ್ನಡದಲ್ಲಿ 'ವೀರಕೇಸರಿ'ಯಾಗಿ, ಎನ್.ಟಿ. ರಾಮರಾವ್ ಅವರೊಡನೆ ತೆಲುಗಿನಲ್ಲಿ 'ಬಂದಿಪೋಟು' ಆಗಿ ತೆಗೆದರು. 1970ರಲ್ಲಿ ಆಲಿಬಾಬಾನ ಕಥೆಯನ್ನೂ ತೆಲುಗು ತೆರೆಗೆ ತಂದರು.

ಆ ಕಾಲದ ತಂತ್ರ ಸರಳ, ಆದರೆ ಬೆವರಿಳಿಸುವಂಥದ್ದು. ಲೆನ್ಸಿನ ಅರ್ಧಭಾಗ ಮುಚ್ಚಿ ಚಿತ್ರೀಕರಿಸಿ, ಫಿಲಂ ಹಿಂದಕ್ಕೆ ಸುತ್ತಿ, ಉಳಿದರ್ಧ ತೆರೆದು ಮತ್ತೆ ತೆಗೆದರೆ ಒಬ್ಬ ನಟ ಇಬ್ಬರಾಗುತ್ತಾನೆ. ಕ್ಯಾಮೆರಾ ಕೂದಲೆಳೆಯಷ್ಟು ಅಲುಗಿದರೂ ಗುಟ್ಟು ರಟ್ಟು.

ಅಮೆರಿಕದಲ್ಲಿ 'ಸ್ಟಾರ್ ವಾರ್ಸ್' ಬಂದದ್ದು 1977ರಲ್ಲಿ. ಮರುವರ್ಷ ವಿಠಲಾಚಾರ್ಯರು ತೆಲುಗಿನಲ್ಲಿ ಮತ್ತೊಮ್ಮೆ 'ಜಗನ್ಮೋಹಿನಿ' ತೆಗೆದರು. ಸೌದೆಯ ಬದಲು ತನ್ನ ಕಾಲನ್ನೇ ಒಲೆಗಿಟ್ಟು ಅಡುಗೆ ಮಾಡುವ ಮೋಹಿನಿಯನ್ನು ಜನ ಇಂದಿಗೂ ನೆನೆಯುತ್ತಾರೆ. ಆ ದೃಶ್ಯ ನಿಂತಿರುವುದು ಬೆಂಕಿಯ ಚಮತ್ಕಾರದಿಂದ ಮಾತ್ರವಲ್ಲ. ಅದೊಂದು ಅಡುಗೆಮನೆ, ಅಲ್ಲಿ ಸೊಸೆಯಾಗಿ ನುಗ್ಗಿದವಳು ದೆವ್ವ, ಗಂಡನನ್ನು ಉಳಿಸಿಕೊಳ್ಳಲು ಹೋರಾಡುವ ಹೆಂಡತಿ ಅದೇ ಮನೆಯಲ್ಲಿದ್ದಾಳೆ. ಹೆದರಿಕೆ ಹುಟ್ಟುವುದು ಅವಳ ಸಲುವಾಗಿ. ಕೊನೆಕೊನೆಯ ಚಿತ್ರಗಳಲ್ಲಿ ಚಮತ್ಕಾರ ಉಳಿಯಿತು, ಅಂಥ ಪಾತ್ರಗಳು ತೆಳುವಾದವು ಎಂದು ನನಗನ್ನಿಸುತ್ತದೆ.

ಕಾಲ್‌ಶೀಟ್ ಕೊಡದೆ ಸತಾಯಿಸಿದ ನಟನ ಪಾತ್ರವನ್ನು ಅವರು ಶಾಪದ ನೆಪದಲ್ಲಿ ಮೇಕೆಯನ್ನಾಗಿ ಮಾಡಿ ಚಿತ್ರೀಕರಣ ಮುಂದುವರಿಸುತ್ತಿದ್ದರು ಎಂಬ ತಮಾಷೆಯ ಮಾತು ಚಿತ್ರರಂಗದಲ್ಲಿದೆ. ಸುಮಾರು 70 ಚಿತ್ರಗಳ ಈ ಜಾನಪದ ಬ್ರಹ್ಮ 1999ರ ಮೇ 28ರಂದು ತೀರಿಕೊಂಡರು.