ಚೀನಾದ ಆಹಾರ ಚಿಕಿತ್ಸೆ ಇದ್ದರೆ ಬಿಪಿ ಮಾತ್ರೆ ಬಿಡಬಹುದೇ?

ಬಿಡಬಹುದು ಎನ್ನುವ ಮೆಸೇಜ್ ಬಂದರೆ, ಫಾರ್ವರ್ಡ್ ಮಾಡುವ ಮೊದಲು ನಾವು ಚೀನಾದ ವೈದ್ಯ ಸುನ್ ಸಿಮಿಯಾವ್ ಅವರ ಬದುಕನ್ನು ನೋಡೋಣ.

ಬಾಲ್ಯದಲ್ಲಿ ಅವರಿಗೆ ಸದಾ ಕಾಯಿಲೆ. ಮನೆಯ ಹಣವೆಲ್ಲ ಔಷಧಕ್ಕೇ ಕರಗಿತು. ದೊಡ್ಡವರಾಗಿ ವೈದ್ಯರಾದರು, ಅರಮನೆಯ ಹುದ್ದೆ ಒಲ್ಲೆ ಎಂದರು. ಸುಮಾರು 652ರಲ್ಲಿ ಬರೆದ ಗ್ರಂಥದಲ್ಲಿ ಆಹಾರಕ್ಕೇ ಒಂದು ಭಾಗ ಮೀಸಲಿಟ್ಟರು. ಮೊದಲು ಆಹಾರ, ಗುಣವಾಗದಿದ್ದರೆ ಔಷಧ ಎಂಬುದು ಅವರ ನಿಲುವು. 682ರಲ್ಲಿ ತೀರಿಕೊಂಡರು.

ಅಂದರೆ ಔಷಧವೇ ಬೇಡ ಎಂದು ಅವರು ಹೇಳಲಿಲ್ಲ. ಬಿಪಿ ನೋಡಲು ತೋಳಿಗೆ ಕಟ್ಟುವ ಪಟ್ಟಿ ಬಂದದ್ದೇ 1896ರಲ್ಲಿ.

ಆಹಾರದಲ್ಲೂ ಎಚ್ಚರ ಬೇಕು. ನಮ್ಮ ದೇವನಹಳ್ಳಿಯ ಚಕ್ಕೋತ ಕೂಡ ನಿಫೆಡಿಪಿನ್‌ನಂಥ ಕೆಲವು ಬಿಪಿ ಮಾತ್ರೆಗಳ ಪರಿಣಾಮ ಹೆಚ್ಚಿಸಬಹುದು. ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡೋಣ. ವೈದ್ಯರನ್ನು ಕೇಳದೆ ಮಾತ್ರೆ ಬಿಡುವುದು ಬೇಡ.